ಬೊಚ್ಚನೋ ಹಲ್ಲುಬ್ಬನೋ

ದಸರೆಗೆ ಸುಣ್ಣ ಹೊಡೆಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದೆವು. ನಾನು ಏಣಿಯ ಮೇಲೆ, ಕೆಳಗೆ ಮೂಗಿಗೆ ಸೆರಗು ಕಟ್ಟಿಕೊಂಡು ನನ್ನ ಹೆಂಡತಿ, ಪಡಸಾಲೆಯ ಕಂಬಕ್ಕೆ ಒರಗಿ ನಮ್ಮ ಅವ್ವ. ಅವ್ವನಿಗೆ ಈಗ ಕಣ್ಣು ಮಂಜು. ಆದರೂ ಮೇಲಿನಿಂದ ಏನಿಳಿದರೂ ಅದು ಏನೆಂದು ಆಕೆಗೆ ಹೇಳಲೇಬೇಕು. ತಾಮ್ರದ ಹಂಡೆ ಇಳಿಯಿತು, ಹಳೇ ಲಗ್ನಪತ್ರಿಕೆಗಳ ನಮೂನೆಯ ಕಟ್ಟು ಇಳಿಯಿತು, ಕಾಲು ಮುರಿದ ಮಣೆ ಇಳಿಯಿತು. ಕೊನೆಗೆ ಮೂಲೆಯಲ್ಲಿ ಗೋಣಿಚೀಲ ಸುತ್ತಿಟ್ಟ ದುಂಡನೆಯದೊಂದು ಕೈಗೆ ಹತ್ತಿತು. ಹುರಿ ಬಿಚ್ಚುವ ಮುಂಚೆಯೇ ವಾಸನೆ ಬಂತು. ರಬ್ಬರಿನ ವಾಸನೆ...

"ಏನ ಅದು?" ಅಂದಳು ಅವ್ವ.

ನಾನು ಗೋಣಿ ಬಿಚ್ಚಿ ಕೆಳಗೆ ಕೊಟ್ಟೆ. ಹೆಂಡತಿಯೇ ಹೇಳಿದಳು: "ಸೈಕಲ್ ಟೈರ್ ಅದಾವ್ರಿ ಅತ್ತಿ. ಎರಡು. ಹೊಸಾವು."

ಅವ್ವ ಮುಖ ಮೇಲೆತ್ತಿ, "ಹಲ್ಲುಬ್ಬ," ಅಂದಳು.

ಹೌದು, ಹಲ್ಲುಬ್ಬನೇ. ಬೆರಳ ತುದಿಯಷ್ಟು ಎತ್ತರದ ರಬ್ಬರ್ ಹಲ್ಲುಗಳು, ಒಂದಕ್ಕೊಂದು ದೂರ ದೂರ. ಹೊಸ ಟೈರಿನ ಮೈಮೇಲೆ ಸೂಜಿಯಂಥ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಒಂದಿಷ್ಟು ದೂರ ಓಡಿದರೆ ಸವೆದು ಹೋಗುವಂಥವು, ಅವು ಹಾಗೇ ಇದ್ದವು. ಈ ಟೈರು ನೆಲವನ್ನೇ ಮುಟ್ಟಿಲ್ಲ. ಮುಟ್ಟಬೇಕಾಗಿದ್ದ ಒಂದು ದಿನ ಅದು ಮುಟ್ಟಲಿಲ್ಲ.

ಅದಕ್ಕೆ ಆ ಹೆಸರಿಟ್ಟವರು ನಮ್ಮ ಪೀಟಿ ಸರ್. ಶಿಗ್ಗಾವಿಯ ನಮ್ಮ ಓಣಿಯಲ್ಲಿ ನಮ್ಮಿಂದ ಮೂರನೇ ಮನೆ ಅವರದು. ಹುಟ್ಟಿದ್ದು ಹಿರೇಬೆಂಡಿಗೇರಿಯಲ್ಲಿ, ಅಲ್ಲಿ ಅವರ ಪಾಲಿಗೆ ಒಂದಿಷ್ಟು ಮಸಾರಿ ಹೊಲವಿತ್ತು. ಮಸಾರಿ ಅಂದರೆ ಮರಳು ಬೆರೆತ ಕೆಂಪು ನೆಲ. ಅದರ ಧೂಳು ಹತ್ತಿ ಹತ್ತಿ ಅವರ ಬಿಳಿ ಕ್ಯಾನ್ವಾಸ್ ಬೂಟು ಬಿಳಿಯಾಗಿದ್ದನ್ನು ನಾನು ಕಂಡೇ ಇಲ್ಲ. ಕಬಡ್ಡಿ ಆಡಿದ ಮನುಷ್ಯ. ಒಂದು ಕಿವಿ ಒಣ ಅಂಜೂರದ ಹಾಗೆ ಮುದುಡಿತ್ತು. ಮಕ್ಕಳು, ದೊಡ್ಡವರು ಎಲ್ಲರನ್ನೂ 'ಹುಲಿ' ಎಂದೇ ಕರೆಯುವರು. ನಾನೊಬ್ಬ ಮಾತ್ರ 'ಸಾಹುಕಾರ'. ಲಗ್ನಪತ್ರಿಕೆ ಅಚ್ಚು ಹಾಕುವ ನನ್ನ ಸಣ್ಣ ಪ್ರೆಸ್ಸಿನ ಮೇಲೆ ಅವರು ಮಾಡುತ್ತಿದ್ದ ಚೇಷ್ಟೆ ಅದು. ಸಂಜೆ ಶಾಲೆ ಬಿಟ್ಟರೆ ನೇರ ಪ್ರೆಸ್ಸಿಗೆ ಬಂದು ಕಾಗದದ ಕಟ್ಟಿನ ಮೇಲೆಯೇ ಕೂಡುವರು.

"ಸರ್, ಅದರ ಮ್ಯಾಲ ಕುಂದರಬ್ಯಾಡ್ರಿ, ಕಾಗದ ಮಡಿಕಿ ಬೀಳ್ತಾವ."

"ನಾ ಕುಂತ ಕಾಗದದಾಗ ಅಚ್ಚಾದ ಲಗ್ನ ಗಟ್ಟಿ ಇರ್ತಾವೋ ಸಾಹುಕಾರ. ಚಾ ಹೇಳು."

ನಮ್ಮೂರಿನ ಹೈಸ್ಕೂಲು, ಪಿಯು ಕಾಲೇಜು ಒಂದೇ ಆವರಣದಲ್ಲಿದ್ದವು; ಎರಡಕ್ಕೂ ಆಟ ಕಲಿಸುವವರು ಇವರೇ. ಅವರ ಹಳೇ ವಿದ್ಯಾರ್ಥಿಯೊಬ್ಬ ಒಮ್ಮೆ ತಾನು ಓಡಿಸಿ ಬಿಟ್ಟ ಗೇರ್ ಸೈಕಲ್ಲನ್ನು ತಂದು ಕೊಟ್ಟು ಹೋದ. ಡಾಂಬರು ರಸ್ತೆಯದಲ್ಲ, ಗುಡ್ಡದಲ್ಲಿ, ಕಲ್ಲುಮುಳ್ಳಿನಲ್ಲಿ ಓಡಿಸುವ ಮೌಂಟೇನ್ ಬೈಕು. ನಾಲ್ಕು ದಿನ ಹುಡುಗರೆಲ್ಲ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಐದನೇ ದಿನ ಸರ್ ಪ್ರೆಸ್ಸಿಗೆ ಬಂದವರೇ, ಕೂಡುವ ಮುಂಚೆ, "ಸಾಹುಕಾರ, ನಿನ್ನ ಸೊಸಿ ಕಾಲಾಗ ಇಂಜಿನ್ ಐತೋ," ಅಂದರು.

ನನ್ನ ಅಕ್ಕನ ಮಗಳು ಶೈಲಾ ಆಗ ಪಿಯುಸಿ. ಅಕ್ಕನ ಮನೆ ಊರ ಹೊರಗೆ, ಏರಿನ ಮೇಲೆ. ಹೊಲದಿಂದ ಬರುವಾಗ ಮೇವಿನ ಹೊರೆಯನ್ನು ಅಪ್ಪನ ಹಳೇ ಸೈಕಲ್ಲಿಗೆ ಬಿಗಿದು, ಪೆಡಲಿನ ಮೇಲೆ ನಿಂತು ಆ ಏರು ಹತ್ತುವುದು ಆಕೆಗೆ ದಿನದ ರೂಢಿ. ಅದನ್ನು ಸರ್ ಕಂಡಿದ್ದರು. ಮಾರನೇ ದಿನವೇ ಆ ಗೇರ್ ಸೈಕಲ್ಲು ಶೈಲಾಳ ಕೈಗೆ ಬಂತು.

ಅದೇ ವರ್ಷ, ಸೈಕಲ್ ಓಟದಲ್ಲಿ ಆಯ್ಕೆಯಾದ ಹುಡುಗಿಯರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ, ಅಲ್ಲಿದ್ದೇ ಡಿಗ್ರಿ ಓದು ಎಂಬ ಸುದ್ದಿ ಬಂತು. ಆಯ್ಕೆಯ ಓಟ ಮಳೆಗಾಲ ಮುಗಿಯುವ ಹೊತ್ತಿಗೆ. ಸರ್ ಅಕ್ಕನ ಮನೆಗೆ ಹೋಗಿ ಅವಳಪ್ಪನ ಮುಂದೆ ವಿಷಯ ಇಟ್ಟರು. ನಾನೂ ಇದ್ದೆ. ನಮ್ಮ ಅಕ್ಕನ ಗಂಡ ಕೆಟ್ಟ ಮನುಷ್ಯನಲ್ಲ. ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತ ಕೂತು ಹೇಳಿದ:

"ಆಯ್ಕೆ ಆದ್ಲಂದ್ರ ಹೋಗ್ಲಿ, ಓದ್ಲಿ. ನಾ ಬ್ಯಾಡ ಅನ್ನೂದಿಲ್ರಿ. ಆಗಲಿಲ್ಲ ಅಂದ್ರ ಪಿಯುಸಿ ಮುಗಿಸಿ ಕ್ರಾಸಿಂಗಿಗೆ ಹೋಗೂದ. ಆಕಿ ಹಿಂದ ಇನ್ನ ಇಬ್ರು ಓದಾವ್ರು ಅದಾರ್ರಿ ಸರ್."

ಕ್ರಾಸಿಂಗ್ ಅಂದರೆ ಬೀಜದ ಹೊಲದ ಕೆಲಸ. ಹತ್ತಿಯ ಹೂವು, ಬದನೆಯ ಹೂವು ಒಂದೊಂದನ್ನೇ ಬಿಡಿಸಿ ಕೈಯಿಂದ ಪರಾಗ ಮುಟ್ಟಿಸುವುದು. ಬಿಸಿಲಲ್ಲಿ ಸೊಂಟ ಬಾಗಿಸಿ, ಮುಂಜಾನೆಯಿಂದ ಸಂಜೆಯವರೆಗೆ. ಶೈಲಾ ರಜೆಯಲ್ಲಿ ಅದಕ್ಕೆ ಹೋಗಿ ಬಂದವಳೇ. ಅಪ್ಪನ ಮಾತಿಗೆ ಆಕೆ ತಲೆ ಎತ್ತಲಿಲ್ಲ. ಸೈಕಲ್ಲಿನ ಹಿಂದಿನ ಗಾಲಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದಳು. ಗಾಲಿಯ ಟಿಕ್ ಟಿಕ್ ಸದ್ದು ನಿಂತ ಮೇಲೆ ಸರ್ ಎದ್ದು, "ಆಕ್ಕಾಳ್ರಿ," ಅಂದರು. ಅಷ್ಟೇ.

ಸರ್‌ಗೆ ಸೈಕಲ್ಲಿನ ವಿದ್ಯೆ ಏನೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಡುವ ಸ್ವಭಾವವೂ ಅವರದಲ್ಲ. ಮೊಬೈಲಿನಲ್ಲಿ ಎಲ್ಲೆಲ್ಲಿಯವೋ ವಿಡಿಯೊ ಹಚ್ಚಿಕೊಂಡು ನೋಡುವರು. ಮಾತು ಅರ್ಧ ತಿಳಿಯದು, ಕೈಸನ್ನೆ ನೋಡಿ ತಿಳಿದುಕೊಳ್ಳುವರು. ನೋಡಿ ನೋಡಿ ಅವರ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತು. ಎಲ್ಲ ಇರುವುದು ಟೈರಿನಲ್ಲಿ.

"ಗೇರು, ಬ್ರೇಕು ಎಲ್ಲಾ ನಡುವಿನ ಮಂದಿ ಸಾಹುಕಾರ. ನೆಲದ ಕೂಡ ಮಾತಾಡೂದು ಟೈರ್ ಒಂದ. ಯಾ ನೆಲಕ್ಕ ಯಾ ಟೈರ್ ಅನ್ನೂದು ತಿಳದ್ರ ಅರ್ಧ ಗೆದ್ದಂಗ."

ಸೈಕಲ್ಲಿನ ಜೊತೆ ಬಂದಿದ್ದ ಟೈರಿಗೆ ಗಿಡ್ಡ ಹಲ್ಲು, ಒತ್ತೊತ್ತಾಗಿ. ಗಟ್ಟಿ ನೆಲದ ಮೇಲೆ ಸರ್ರನೆ ಓಡುವಂಥದು. ಅದಕ್ಕೆ 'ಬೊಚ್ಚ' ಎಂದು ಹೆಸರಾಯಿತು. ಭಾನುವಾರ ಬಂತೆಂದರೆ ಬಾಡಿಗೆಯ ಟಂಟಂ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ನಾವು ಮೂವರು ಹೊರಡುವುದು. ರಟ್ಟೀಹಳ್ಳಿ ದಾಟಿ ಹಿರೇಕೆರೂರಿನ ಕಡೆ ಕಲ್ಲು ಇಳಿಜಾರು. ಅಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಬೇಕು, ಇಲ್ಲವಾದರೆ ಸೈಕಲ್ಲು ಕಲ್ಲಿನ ಮೇಲೆ ಪುಟಿಯುತ್ತದೆ. ನಮ್ಮ ಶಿಗ್ಗಾವಿಯ ಸಣ್ಣ ಕಲ್ಲಿನ ಗರಸು ನೆಲಕ್ಕೆ ಗಾಳಿ ತುಂಬ ಇರಬೇಕು. ಇದನ್ನೆಲ್ಲ ಸರ್ ಬಿದ್ದು ಕಲಿತರು ಅನ್ನಬೇಕು; ಅಂದರೆ ಶೈಲಾ ಬಿದ್ದಳು, ಸರ್ ಕಲಿತರು. ನೆಲ ನೋಡುವುದಕ್ಕೆ ಅವರದೊಂದು ಪರೀಕ್ಷೆಯಿತ್ತು. ಬಿತ್ತುವ ಮುಂಚೆ ರೈತರು ಹದ ನೋಡುತ್ತಾರಲ್ಲ, ಹಾಗೆ ಹಿಡಿ ಮಣ್ಣು ತೆಗೆದುಕೊಂಡು ಮುಷ್ಟಿ ಬಿಗಿದು, ಬಿಚ್ಚಿ ನೋಡುವರು. ಉಂಡೆ ಕಟ್ಟದೆ ಉದುರಿದರೆ, ಅಥವಾ ಕಟ್ಟಿದ ಉಂಡೆ ಬೆರಳಿಂದ ತಿವಿದರೆ ಒಡೆದರೆ, ಬೊಚ್ಚ ಸಾಕು. ಉಂಡೆ ಅಂಗೈಗೇ ಅಂಟಿಕೊಂಡಿತೋ, ಬೊಚ್ಚನಿಂದ ಆಗುವುದಿಲ್ಲ.

ಆಗುವುದಿಲ್ಲ ಎಂದು ತಿಳಿದದ್ದು ಹಾನಗಲ್ಲಿನಲ್ಲಿ. ಕೆರೆಯ ಏರಿ ಇಳಿದು ಭತ್ತದ ಗದ್ದೆಯ ಬದುವಿನ ಮೇಲೆ ಹೋಗುವಾಗ ಬೊಚ್ಚ ಜಾರಿತು. ಶೈಲಾ ಸೈಕಲ್ ಸಮೇತ ಗದ್ದೆಯೊಳಗೆ ಬಿದ್ದಳು. ಎದ್ದು ನಿಂತಾಗ ಮುಖದಲ್ಲಿ ಕಣ್ಣೆರಡೇ ಕಾಣುತ್ತಿದ್ದವು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗ್ರಿ ಸರ್ರ, ನಗ್ರಿ. ಆಯ್ಕಿ ದಿನಾನೂ ಹಿಂಗ ಬಿದ್ರ ಕ್ರಾಸಿಂಗಿಗೆ ಬಂದು ನನ್ನ ಜೋಡಿ ನೀವೂ ಹೂವ ಮುಟ್ಟಸ್ರಿ," ಅಂದಳು ಆಕೆ, ಬಾಯೊಳಗಿನ ಕೆಸರು ಉಗುಳುತ್ತ.

ಸರ್ ನಗು ಅಲ್ಲಿಗೇ ನಿಂತಿತು. ಸಂಜೆ ಪ್ರೆಸ್ಸಿಗೆ ಬಂದು ನನ್ನ ಕಂಪ್ಯೂಟರಿನಲ್ಲೇ ಹುಡುಕಿ, ಕೆಸರಿನ ಟೈರು ತರಿಸಲು ಹೇಳಿದರು. ಅದು ಬಂದದ್ದು ಓಟಕ್ಕೆ ಕೆಲವೇ ದಿನ ಇರುವಾಗ. ಪಾಕೀಟು ಒಡೆದರೆ ಪ್ರೆಸ್ಸಿನ ಶಾಯಿಯ ವಾಸನೆಯನ್ನೂ ಮೀರಿ ಹೊಸ ರಬ್ಬರಿನ ವಾಸನೆ ಹರಡಿತು. ಸರ್ ಟೈರನ್ನು ಮೂಗಿಗೆ ಹಿಡಿದು, ತಲೆಗೆ ಮುಟ್ಟಿಸಿಕೊಂಡು, ಹಲ್ಲುಗಳ ನಡುವೆ ಬೆರಳಾಡಿಸಿದರು.

"ನೋಡು, ಸಂದಿ ಹೆಂಗ ಬಿಟ್ಟಾನ. ಸಂದಿ ಹಲ್ಲಿನವ್ರು ಶೇಂಗಾ ತಿಂದ್ರ ಸಿಕ್ಕೊಳ್ಳೂದಿಲ್ಲ, ತಾನ ಬೀಳ್ತಾವ. ಹಂಗ ಕೆಸರೂ ಬೀಳ್ತೈತಿ. ಹಲ್ಲುಬ್ಬ ಇವ!"

"ಹಾಕಿ ನೋಡೂಣ್ರಿ ಸರ್?"

"ಬ್ಯಾಡ. ಬೇಕಾದ ದಿನ ಹೊಸಾದ ಇರ್ಲಿ."

ಆಯ್ಕೆಯ ಓಟ ಸವಣೂರು ತಾಲೂಕಿನಲ್ಲಿ, ಹತ್ತಿಮತ್ತೂರಿನ ಕಡೆಗೆ ಎಂದು ಗೊತ್ತಾಯಿತು. ಮುಂಚಿತವಾಗಿಯೇ ಹೋಗಿ ದಾರಿ ನೋಡಿ ಬಂದೆವು. ಮೊದಲು ಗರಸಿನ ಒಂದು ದಿಬ್ಬ, ಅದನ್ನು ಹತ್ತಿ ಇಳಿದರೆ ಎರಿ ಹೊಲಗಳ ನಡುವಿನ ಚಕ್ಕಡಿ ದಾರಿ. ಎರಿ ಅಂದರೆ ಹತ್ತಿ ಬೆಳೆಯುವ ಕಪ್ಪು ನೆಲ. ನಾವು ಹೋದಾಗ ಅದು ಬಿಸಿಲಿಗೆ ಬಿರುಕು ಬಿಟ್ಟು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಸರ್ ಬೂಟುಗಾಲಿನಿಂದ ಕುಟ್ಟಿ ನೋಡಿ, "ಇಲ್ಲೆ ಬೊಚ್ಚ ಹಾರ್ತಾನ," ಅಂದರು. ಹಲ್ಲುಬ್ಬನಿಗೆ ಗಟ್ಟಿ ನೆಲದಲ್ಲಿ ಓಟ ಕಡಿಮೆ; ಉದ್ದ ಹಲ್ಲು ನೆಲ ಹಿಡಿದೆಳೆಯುತ್ತದೆ. ಹಾಗಾಗಿ ಎಲ್ಲವೂ ಒಂದೇ ಮಾತಿಗೆ ಬಂದು ನಿಂತಿತು. ಮಳೆ ಬರುತ್ತದೋ ಇಲ್ಲವೋ.

ಓಟದ ಹಿಂದಿನ ಸಂಜೆ ಸರ್ ಎರಡೂ ಜೋಡಿ ಟೈರು ಹೊತ್ತು ನಮ್ಮ ಪಡಸಾಲೆಗೆ ಬಂದರು. ಮೋಡ ಇತ್ತು. ಮೊಬೈಲು, ಮಳೆ ಬರಬಹುದು ಅಂದಿತ್ತು, ಬರದಿರಲೂಬಹುದು ಅಂದಿತ್ತು. ಸರ್ ಅದನ್ನು ಜೇಬಿಗೆ ಹಾಕಿ ಅವ್ವನ ಮುಂದೆ ಕೂತರು. ಪಂಚಾಂಗದಲ್ಲಿ ಒಂದೊಂದು ನಕ್ಷತ್ರದ ಮಳೆಗೂ ಒಂದು ವಾಹನ ಹೇಳಿರುತ್ತದೆ. ಕಪ್ಪೆಯ ಮೇಲೆಯೋ ಆನೆಯ ಮೇಲೆಯೋ ಬಂದ ಮಳೆ ಜೋರು ಎಂದು ಲೆಕ್ಕ. ಯುಗಾದಿಯ ದಿನ ಓದಿಸಿ ಕೇಳಿದ್ದನ್ನು ಅವ್ವ ವರ್ಷಪೂರ್ತಿ ಬಾಯಲ್ಲಿ ಇಟ್ಟುಕೊಂಡಿರುತ್ತಿದ್ದಳು.

"ಯವ್ವಾ, ಈಗ ನಡದಿದ್ದು ಚಿತ್ತಿ ಮಳಿ. ಏನ ಹತ್ತಿಕೊಂಡು ಬಂದೈತಿ ಈ ಸಲ?"

"ಇಲಿ ರೀ ಸರ್. ಬಂದ್ರೂ ನಾಕ ಹನಿ ಕೆರದು ಹೋಕ್ಕತಿ."

"ಅಜ್ಜಿ, ಇಲಿ ಬಂದು ಟೈರ್ ಕಡದ್ರ?" ಅಂದಳು ಶೈಲಾ.

"ನೀ ಜೋರ್ ಹೊಡಿ. ಇಲಿಗೆ ಸಿಗಬ್ಯಾಡ."

ಎಲ್ಲರೂ ನಕ್ಕೆವು. ಸರ್ ನಕ್ಕು, ಹಲ್ಲುಬ್ಬನನ್ನು ಗೋಡೆಗೆ ಆನಿಸಿ ಬೊಚ್ಚನನ್ನೇ ಸೈಕಲ್ಲಿಗೆ ಏರಿಸಿದರು. ನಾಲ್ಕು ಹನಿಗೆ ಏನಾಗುತ್ತದೆ? ನಾವು ಮಸಾರಿಯ ಮಂದಿ. ನಮ್ಮ ನೆಲಕ್ಕೆ ನಾಲ್ಕು ಹನಿ ಬಿದ್ದರೆ ಧೂಳು ಕೂತು, ಮರಳು ಬಿಗಿದು, ದಾರಿ ಇನ್ನೂ ಚೆನ್ನಾಗುತ್ತದೆ. ಹನಿ ಬಿದ್ದ ಮುಂಜಾನೆ ಶೈಲಾ ಯಾವಾಗಲೂ ಜೋರಾಗಿ ಓಡಿಸುತ್ತಿದ್ದಳು. ಅದು ನಮ್ಮ ಕಣ್ಣ ಮುಂದಿನ ಮಾತಾಗಿತ್ತು.

ಮರುದಿನ ಸವಣೂರು ದಾಟುವಾಗ ಹನಿ ಶುರುವಾಯಿತು. ಟಂಟಂನ ಗಾಜಿಗೆ ಸಣ್ಣ ಸಣ್ಣ ಚುಕ್ಕಿ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿದ್ದು ನಿಂತಿತು. ಅವ್ವನ ಇಲಿ ಬಂದು ಹೋಗಿತ್ತು. ದಿಬ್ಬದ ಕೆಳಗೆ, ಓಟ ಶುರುವಾಗುವ ಜಾಗದಲ್ಲಿ ಸರ್ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡರು. ಮುಷ್ಟಿ ಬಿಗಿದು ಬಿಚ್ಚಿದರು. ಗರಸು ಉಂಡೆ ಕಟ್ಟಿತು, ತಿವಿದರೆ ಒಡೆಯಿತು.

"ಮುಂದ ಎರಿ ಐತಲ್ರಿ ಸರ್," ಅಂದೆ. ಹಲ್ಲುಬ್ಬ ಗಾಡಿಯ ಹಿಂದೆಯೇ ಇತ್ತು.

"ಇಷ್ಟ ಹನಿಗೆ ಏನಾಕ್ಕತೋ ಸಾಹುಕಾರ, ಮಣ್ಣ ಚಲೋ ಕುಂತೈತಿ," ಎಂದು ಕೈ ಝಾಡಿಸಿಕೊಂಡರು. ನನಗೂ ಹಾಗೇ ಅನಿಸಿತು.

ಸೀಟಿ ಊದಿದರು. ಶೈಲಾ ಹೋದಳು... ದಿಬ್ಬ ಹತ್ತುವುದನ್ನು ನೋಡಬೇಕಿತ್ತು. ಮೇವಿನ ಹೊರೆ ಹೇರಿಕೊಂಡು ಏರು ಹತ್ತಿದ ಹುಡುಗಿಗೆ ಬರೀ ಸೈಕಲ್ಲು ಎಷ್ಟರದು! ನೆತ್ತಿ ತಲುಪಿದಾಗ ಅವಳ ಮುಂದೆ ಯಾರೂ ಇರಲಿಲ್ಲ. ಸರ್ ಟೋಪಿ ತೆಗೆದು ಗಾಳಿಯಲ್ಲಿ ಎಸೆದು ಹಿಡಿದುಕೊಂಡರು. ನಾವಿಬ್ಬರೂ ದಿಬ್ಬವನ್ನು ಬಳಸಿ ಚಕ್ಕಡಿ ದಾರಿಯ ಕಡೆ ಓಡಿದೆವು.

ಅಲ್ಲಿ ತಲುಪುವ ಹೊತ್ತಿಗೆ ಅವಳು ಎರಿಯೊಳಗೆ ನಿಂತಿದ್ದಳು.

ನಿಂತಿದ್ದಳು ಅಂದರೆ, ಸೈಕಲ್ಲೇ ಅವಳನ್ನು ನಿಲ್ಲಿಸಿತ್ತು. ಮೊದಲ ಮೂವತ್ತು ಮಾರು ಹೋಗಿದ್ದಾಳು. ಕಪ್ಪು ಮಣ್ಣು ಬೊಚ್ಚನ ಒತ್ತೊತ್ತು ಹಲ್ಲಿನೊಳಗೆ ಕೂತು, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಹುಲ್ಲು, ಹತ್ತಿಯ ಕಡ್ಡಿ, ಮತ್ತೆ ಮಣ್ಣು... ಗಾಲಿ ರೊಟ್ಟಿ ಹಿಟ್ಟಿನ ಮುದ್ದೆಯಂತೆ ಊದಿಕೊಂಡು ಸೈಕಲ್ಲಿನ ಕವಲಿನಲ್ಲಿ ಸಿಕ್ಕಿತ್ತು. ತಿರುಗುತ್ತಿರಲಿಲ್ಲ. ಶೈಲಾ ಬೆರಳಿನಿಂದ ಕಿತ್ತಳು. ಕಿತ್ತು ಎರಡು ಹೆಜ್ಜೆ ತಳ್ಳಿದಳು. ಮತ್ತೆ ಹಿಡಿಯಿತು.

ಸರ್ ಧಾವಿಸಿ ಹೋದರು. ಕೈ ಚಾಚಿದರು. ಅಷ್ಟರಲ್ಲಿ ಅಲ್ಲಿ ತೀರ್ಪು ಕೊಡಲು ನಿಂತಿದ್ದ ಪಂಚರು ಕೂಗಿ ಹೇಳಿದರು: "ಸರ್, ಮುಟ್ಟಬ್ಯಾಡ್ರಿ! ಹೊರಗಿನವ್ರು ಮುಟ್ಟಿದ್ರ ಹುಡುಗಿ ಔಟ್."

ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಕೈ ಬೆನ್ನ ಹಿಂದೆ ಒಯ್ದು, ಒಂದರಿಂದ ಇನ್ನೊಂದನ್ನು ಗಟ್ಟಿ ಹಿಡಿದುಕೊಂಡರು. ತನ್ನ ಕೈ ತನ್ನ ಮಾತು ಕೇಳಲಾರದು ಎಂಬಂತೆ. ಹಾಗೇ ಅವಳ ಪಕ್ಕ ಪಕ್ಕ ನಡೆದರು.

"ಕಡ್ಡಿ ತಗೊಂಡು ತಗಿ, ಯವ್ವಾ... ಹಿಂದಿಂದು ಮೊದಲ ತಗಿ... ಹಾಂ... ಎತ್ತಿ ನಡಿ, ಎತ್ತಿ ನಡಿ ಹುಲಿ..."

ಶೈಲಾ ಎತ್ತಿ ಹೆಗಲಿಗೆ ಹಾಕಲು ನೋಡಿದಳು. ಅಷ್ಟು ಮಣ್ಣು ಹಿಡಿದ ಸೈಕಲ್ಲು ಏಳಲಿಲ್ಲ. ಅವಳ ಚಪ್ಪಟೆ ಬೂಟಿಗೂ ಮಣ್ಣು ಮೆತ್ತಿ ಕಾಲು ಆನೆಯ ಕಾಲಾಗಿತ್ತು. ಹೊಲದ ಒಡ್ಡಿನ ಮೇಲೆ ಗೊಂಗಡಿ ಹೊದ್ದು ಕೂತಿದ್ದ ಒಬ್ಬ ಮುದುಕ ಇದನ್ನೆಲ್ಲ ನೋಡುತ್ತಿದ್ದವನು ಕೇಳಿದ:

"ಯಾ ಕಡೆಯವ್ರಿ ಮಾಸ್ತರ ನೀವು?"

"ಶಿಗ್ಗಾವಿ," ಅಂದೆ ನಾನು.

"ಅದಕ್ಕ ರೀ. ಮಸಾರಿ ಮಂದಿ. ಜೋರ್ ಮಳಿ ಆಗಿದ್ರ ಕೆಸರ ಹರದು ಹೋಗ್ತಿತ್ತು, ದಾಟಬಹುದಿತ್ತು. ಹನಿ ಮಳಿಗೆ ಎರಿ ಅಂಟ ಆಕ್ಕತಿ. ನಮ್ಮ ಎತ್ತೂ ಇವತ್ತ ಇದರಾಗ ಕಾಲ ಇಡೂದಿಲ್ಲ."

ಅವನು ಹೇಳಿ ಮುಗಿಸುವಾಗ ಹಿಂದಿನಿಂದ ಒಬ್ಬ ಹುಡುಗಿ ಬಂದಳು. ಸವಣೂರಿನ ಕಡೆಯವಳೇ ಇರಬೇಕು. ಕಪ್ಪು ಮಣ್ಣು ಶುರುವಾಗುವ ಅಂಚಿನಲ್ಲೇ ಇಳಿದು, ಒಂದು ಹಲ್ಲಿಗೂ ಮಣ್ಣು ಹತ್ತುವ ಮುಂಚೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಒಡ್ಡಿನ ಹುಲ್ಲಿನ ಮೇಲೆ ಪಟಪಟನೆ ಓಡಿಹೋದಳು. ಅವಳ ಹಿಂದೆ ಇನ್ನೊಬ್ಬಳು, ಅವಳನ್ನು ನೋಡಿ ಮತ್ತೊಬ್ಬಳು. ಅವರ ಟೈರು ಬೊಚ್ಚನೋ ಹಲ್ಲುಬ್ಬನೋ ನನಗೆ ಕಾಣಲಿಲ್ಲ. ಸರ್ ಮಾತ್ರ ಕೊರಳು ಚಾಚಿ ನೋಡುತ್ತಿದ್ದರು. ಶೈಲಾ ಒಮ್ಮೆ ಮಾತ್ರ ಸರ್ ಮುಖ ನೋಡಿದಳು. ಮತ್ತೆ ಬಗ್ಗಿ, ಮಣ್ಣು ಕೀಳತೊಡಗಿದಳು.

ಆಕೆ ಓಟ ಬಿಡಲಿಲ್ಲ. ಎಲ್ಲ ದಾರಿಯನ್ನೂ ಮುಗಿಸಿಯೇ ಬಂದಳು. ಬರುವ ಹೊತ್ತಿಗೆ ಆಯ್ಕೆಯಾದವರ ಹೆಸರು ಓದಿಯಾಗಿತ್ತು. ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಬಿಸಿಲು ಬಿದ್ದಿತ್ತು. ಅವಳ ಗಾಲಿಯ ಮಣ್ಣು ಅಷ್ಟರಲ್ಲೇ ಒಣಗಿ ಕಲ್ಲಾಗಿತ್ತು.

ತಿರುಗಿ ಬರುವಾಗ ಟಂಟಂನ ಹಿಂದೆ ಶೈಲಾ, ಸರ್ ಎದುರುಬದುರು ಕೂತಿದ್ದರು. ನಡುವೆ ಹಲ್ಲುಬ್ಬ. ಬಂಕಾಪುರ ಬರುವವರೆಗೆ ಶೈಲಾ ಉಗುರಿನೊಳಗಿನ ಕಪ್ಪು ಮಣ್ಣು ತೆಗೆಯುತ್ತಿದ್ದಳು. ಆಮೇಲೆ ಶೈಲಾಳೇ, "ಹೋಗ್ಲಿ ಬಿಡ್ರಿ ಸರ್ರ," ಅಂದಳು. ಹದಿನೆಂಟು ತುಂಬದ ಹುಡುಗಿ ಅವರನ್ನು ಸಮಾಧಾನ ಮಾಡಿದಳು. ಅವರು ಮುಖ ಹೊರಗೆ ತಿರುಗಿಸಿಕೊಂಡರು.

ಸರ್ ಸುಮ್ಮನೆ ಕೂರಲಿಲ್ಲ. ಅಕ್ಕನ ಗಂಡನ ಬಳಿ ಮತ್ತೆ ಹೋದರು, ಇನ್ನೊಂದು ವರ್ಷ ನೋಡೋಣ ಅಂದರು. ಅವನು, "ನೀವು ಹೇಳಿದ್ರಿ, ನಾ ಒಪ್ಪಿದೆ. ಈಗ ನಾ ಹೇಳಿದ್ದು ನೀವು ಒಪ್ಪರಿ," ಅಂದ. ಆಯ್ಕೆ ಮಾಡಿದವರ ಕಚೇರಿಗೂ ಅಲೆದರು. ಮಳೆ ಎಲ್ಲರಿಗೂ ಒಂದೇ ಬಿದ್ದಿತ್ತಲ್ಲ ಸರ್ ಅಂದರಂತೆ ಅವರು. ಅದೂ ನಿಜವೇ. ಪರೀಕ್ಷೆ ಮುಗಿದ ಮೇಲೆ ಶೈಲಾ ಕ್ರಾಸಿಂಗಿಗೆ ಹೋದಳು. ಅದೇ ಗೇರ್ ಸೈಕಲ್ಲಿನ ಮೇಲೆ, ಬುತ್ತಿಗಂಟು ಕಟ್ಟಿಕೊಂಡು. ಸರ್ ಮನೆಯ ಮುಂದೆಯೇ ದಾರಿ. ಅವಳು ಹೋಗುವ ಹೊತ್ತಿಗೆ ಅವರು ಕಟ್ಟೆಯ ಮೇಲಿಂದ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವಳು ಅದನ್ನು ತಿಳಿದು, ಹಿಂದಿನ ಓಣಿ ಹಿಡಿದು ಹೋಗತೊಡಗಿದಳು.

ಹಲ್ಲುಬ್ಬನನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನಿನ್ನ ಅಟ್ಟದ ಮ್ಯಾಲ ಒಗಿ. ನನ್ನ ಕಣ್ಣಿಗೆ ಬೀಳೂದು ಬ್ಯಾಡ." ನಮ್ಮ ಅವ್ವ ಆ ವರ್ಷದಿಂದ ಮಳೆಯ ವಾಹನ ಹೇಳುವುದನ್ನೇ ಬಿಟ್ಟಳು. ಯಾರಾದರೂ ಕೇಳಿದರೆ, "ನನಗೇನ ಗೊತ್ತೋ ಯಪ್ಪಾ," ಅನ್ನುವಳು.

ಸರ್ ನಿವೃತ್ತರಾದ ಮೇಲೂ ಪ್ರೆಸ್ಸಿಗೆ ಬರುತ್ತಿದ್ದರು. ಚೇಷ್ಟೆ ಕಡಿಮೆಯಾಗಿತ್ತು. ಕಾಗದದ ಕಟ್ಟಿನ ಮೇಲೆ ಕೂಡದೆ ಕುರ್ಚಿ ಎಳೆದುಕೊಂಡು ಕೂಡುವರು. ಅದರಿಂದ ನನಗೆ ಬಹಳ ಸಂಕಟವಾಗುತ್ತಿತ್ತು. ಹೊರಗೆ ನಾಲ್ಕು ಹನಿ ಬಿದ್ದ ದಿನ ಮಾತ್ರ ಆ ಮಾತು ಬಂದೇ ಬರುತ್ತಿತ್ತು.

"ಸಾಹುಕಾರ, ಹಲ್ಲುಬ್ಬ ಇದ್ದಿದ್ರ?"

ಹಲ್ಲುಬ್ಬ ಇದ್ದಿದ್ದರೆ ದಾಟುತ್ತಿದ್ದಳು ಅಂದರೆ, ಆ ಮುಂಜಾನೆ ಕೈ ಝಾಡಿಸಿಕೊಂಡ ಮನುಷ್ಯನ ಎದೆಗೆ ಗುದ್ದಿದಂತೆ. ಅದಿದ್ದರೂ ಮಣ್ಣು ಹಿಡಿಯುತ್ತಿತ್ತು ಅಂದರೆ, ಅಷ್ಟು ಭಾನುವಾರ, ಅಷ್ಟು ನೆಲ, ಅಷ್ಟು ಹಿಡಿ ಮಣ್ಣು ಎಲ್ಲ ಯಾತಕ್ಕೆ ಎಂದಂತೆ. ಒಂದು ದಿನ ಹಾಗೆ ಹೇಳುತ್ತಿದ್ದೆ, ಒಂದು ದಿನ ಹೀಗೆ. ಎರಡಕ್ಕೂ ಅವರು ತಲೆಯಾಡಿಸುವರು.

ಕೊನೆಯ ಎರಡು ವರ್ಷ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ಮಾತು ಹೋಯಿತು. ಆಗ ಶೈಲಾ ಹಾನಗಲ್ಲಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ತವರಿಗೆ ಬಂದಾಗ ತಪ್ಪದೆ ಅವರನ್ನು ನೋಡಲು ಬರುತ್ತಿದ್ದಳು. ಈಗ ಅವರು ಎದ್ದು ಒಳಗೆ ಹೋಗುವಂತಿರಲಿಲ್ಲವಲ್ಲ... ಅವಳು ಕಾಲ ಬಳಿ ಕೂತು ತನ್ನ ಭತ್ತದ ಗದ್ದೆಯ ಸುದ್ದಿ, ಅತ್ತೆಯ ಸುದ್ದಿ ಹೇಳುವಳು. ಅವರ ಎಡಗೈ ಮಾತ್ರ ಆಡುತ್ತಿತ್ತು. ಹಾಸಿಗೆಯ ಮೇಲೆ ಅದು ಮುಷ್ಟಿ ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ಕೈಗೆ ವ್ಯಾಯಾಮ ಮಾಡ್ತಾರ್ರಿ ಎಂದು ಮನೆಯವರು ಹೇಳುತ್ತಿದ್ದರು. ನಾನೂ ಶೈಲಾಳೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಲಿಲ್ಲ.

ಅವರನ್ನು ಹಿರೇಬೆಂಡಿಗೇರಿಯ ಹೊಲದಲ್ಲೇ ಮಣ್ಣು ಮಾಡಿದರು. ಆ ದಿನವೂ ನಸುಕಿನಲ್ಲಿ ನಾಲ್ಕು ಹನಿ ಬಿದ್ದಿತ್ತು. ಮಸಾರಿ ಬಿಗಿದು ಕೂತಿತ್ತು. ಟ್ರ್ಯಾಕ್ಟರು ಸೀದಾ ಹೊಲದೊಳಗೆ ಹೋಯಿತು, ಎಲ್ಲೂ ಸಿಗಲಿಲ್ಲ. ಸಮಾಧಿಗೆ ಎಲ್ಲರೂ ಹಿಡಿ ಮಣ್ಣು ಹಾಕುವಾಗ ಶೈಲಾಳೂ ಬಗ್ಗಿ ತೆಗೆದುಕೊಂಡಳು. ಹಾಕುವ ಮುಂಚೆ ಮುಷ್ಟಿ ಬಿಗಿದು, ಬಿಚ್ಚಿ ನೋಡಿದಳು. ಕೆಂಪು ಉಂಡೆ ಕಟ್ಟಿತ್ತು. ಬೆರಳಿಂದ ತಿವಿದಳು, ಒಡೆಯಿತು. ಆಮೇಲೆ ಹಾಕಿದಳು.

...ಅಟ್ಟದಿಂದ ಇಳಿದ ಟೈರುಗಳನ್ನು ನಾನು ಪಡಸಾಲೆಯ ಅದೇ ಗೋಡೆಗೆ ಆನಿಸಿಟ್ಟೆ. ದಸರೆಗೆ ಶೈಲಾ ಬಂದಳು, ಗಂಡನೂ ಬಂದಿದ್ದ. ಆಕೆ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ರಬ್ಬರ್ ಕೂದಲುಗಳ ಮೇಲೆ ಅಂಗೈ ಸವರಿದಳು. ಅವಳ ಗೇರ್ ಸೈಕಲ್ಲು ಈಗಲೂ ಇದೆ. ಹಾಲಿನ ಕ್ಯಾನು ಡೇರಿಗೆ ಒಯ್ಯಲು ಗಂಡ ಓಡಿಸುತ್ತಾನೆ.

"ಅದಕ್ಕರ ಹಾಕೂಣಂದ್ರ..." ಎಂದು ಅವನು ಟೈರನ್ನು ಮಡಚಿ ನೋಡಿದ. ಒಳಮೈ ತುಂಬ ಬಿರುಕು. "ಒಣಗಿ ಹೋಗ್ಯಾವ್ರಿ ಮಾಮಾ. ಗಾಳಿ ತುಂಬಿದ್ರ ಒಡೀತಾವ."

"ಶೈಲಾ, ಅವತ್ತ ಇದ ಇದ್ದಿದ್ರ ದಾಟತಿದ್ದೇನ ನೀ?" ಅಂದೆ. ಸರ್ ನನ್ನನ್ನು ಅಷ್ಟು ಸಲ ಕೇಳಿದ್ದನ್ನು ನಾನು ಅವಳನ್ನು ಕೇಳಿದ್ದು ಅದೇ ಮೊದಲು.

ಆಕೆ ಗಂಡನ ಕೈಯಿಂದ ಟೈರು ತೆಗೆದುಕೊಂಡಳು. "ನನಗೂ ಗೊತ್ತಾಗವಲ್ದು ಮಾಮಾ. ಭಾಳ ವಿಚಾರ ಮಾಡೇನಿ," ಅಂದಳು. ಹೋಗುವಾಗ ಟೈರು ಎರಡನ್ನೂ ಹೆಗಲಿಗೆ ಹಾಕಿಕೊಂಡು ಹೋದಳು. ಏನು ಮಾಡುತ್ತಿ ಎಂದು ನಾನು ಕೇಳಲಿಲ್ಲ.

ಮೊನ್ನೆ ಕೆಲಸದ ಮೇಲೆ ಹಾನಗಲ್ಲಿಗೆ ಹೋದವನು ಶೈಲಾಳ ಊರಿಗೂ ಹೋಗಿದ್ದೆ. ಸಣ್ಣಗೆ ಹನಿ ಬೀಳುತ್ತಿತ್ತು. ಅವರ ಹಿತ್ತಲಲ್ಲಿ ನೀರಿನ ಕಾಲುವೆಯೊಂದು ಹರಿಯುತ್ತದೆ. ದನದ ಕೊಟ್ಟಿಗೆಗೆ ಹೋಗಲು ಅದರ ಮೇಲೆ ಒಂದು ಹಲಗೆ. ಹೋದ ವರ್ಷ ಶೈಲಾಳ ಅತ್ತೆ ಅದರ ಮೇಲೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಿದ್ದಳು. ಈಗ ನೋಡಿದರೆ ಹಲಗೆಯ ಉದ್ದಕ್ಕೂ ಹಲ್ಲುಬ್ಬನನ್ನು ಕತ್ತರಿಸಿ, ಪಟ್ಟಿ ಪಟ್ಟಿಯಾಗಿ ಮೊಳೆ ಹೊಡೆದು ಕೂಡಿಸಿದ್ದರು. ನಡುವಿನ ಕೂದಲು ಆಗಲೇ ಸವೆದಿದ್ದವು. ಹಲ್ಲಿನ ಸಂದಿಯಲ್ಲಿ ಸ್ವಲ್ಪ ಕೆಸರಿತ್ತು. ಅತ್ತೆ ಹಾಲಿನ ತಂಬಿಗೆ ಹಿಡಿದು ಅದರ ಮೇಲೆ ಈಚೆ ಬಂದಳು.

ಆಕೆ ಬಂದ ಮೇಲೆ ನಾನೂ ಚಪ್ಪಲಿ ಬಿಟ್ಟು, ಆಚೆಯವರೆಗೆ ಒಮ್ಮೆ ಹೋಗಿ ಬಂದೆ. ಜಾರಲಿಲ್ಲ.